ಸವರುಗಲ್ಲು ಗುಡ್ಡ

ಕರಿಹಳ್ಳದ ಆಚೆ ದಂಡೆಯಲ್ಲಿ ಎದ್ದಿರುವ ಬಂಡೆಗಳ ರಾಶಿಗೆ ಸವರುಗಲ್ಲು ಗುಡ್ಡ ಎಂದು ಹೆಸರು. ಅದು ಊರಿನ ಹಳೆಯ ರುದ್ರಭೂಮಿ ಎಂದರೆ ಹೊಸಬರು ನಂಬುವುದಿಲ್ಲ. ಅಲ್ಲಿ ಗೋರಿಯಿಲ್ಲ, ಗದ್ದುಗೆಯಿಲ್ಲ, ನೆಟ್ಟ ಕಲ್ಲೊಂದೂ ಇಲ್ಲ. ಬಂಡೆ, ಬಾದೆಹುಲ್ಲು, ಕಾರೆಗಿಡ, ಅಷ್ಟೇ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಸುಲಿಗೆಯ ದಂಡೊಂದು ಊರಿಗೆ ನುಗ್ಗಿತು. ಮನೆಗಳಲ್ಲಿ ಸಿಕ್ಕಿದ್ದು ಸಾಲದೆ ಹಳ್ಳದ ಈಚೆ ದಂಡೆಯಲ್ಲಿದ್ದ ಗೋರಿಗಳನ್ನೂ ಅಗೆದು, ಹೆಣಗಳ ಮೈಮೇಲಿನ ಬೆಳ್ಳಿ ಕಿತ್ತುಕೊಂಡು, ಉಳಿದದ್ದನ್ನು ನರಿಗಳಿಗೆ ಬಿಟ್ಟುಹೋಯಿತು ಎನ್ನುತ್ತಾರೆ. ಅದರ ಬೆನ್ನಿಗೇ ವಾಂತಿಭೇದಿ ಹಬ್ಬಿತು. ದಂಡು ಮತ್ತೆ ಬರುತ್ತದೆಂಬ ಸುದ್ದಿಯೂ ಬಂತು. ಸತ್ತವರನ್ನು ಇನ್ನು ಎಲ್ಲಿಡುವುದೆಂದು ಹಿರಿಯರು ಕಲ್ಲುಕುಟಿಗ ಬಮ್ಮೋಜನನ್ನು ಕೇಳಿದರು. ಅವನು ಗುಡ್ಡವನ್ನೆಲ್ಲ ಸುತ್ತಿ ನೋಡಿ, ಮಳೆನೀರಿನ ಜಾಡು ತಪ್ಪಿಸಿ, ಬಂಡೆಗಳ ಬುಡದಲ್ಲಿ ತಾನೊಬ್ಬನೇ ಕುಣಿ ತೋಡಿದ. ಹೆಣ ಹೊತ್ತು ತಂದವರನ್ನು ಕೆಳಗೇ ನಿಲ್ಲಿಸುತ್ತಿದ್ದ. ಮೇಲೆ ಹೇರಿದ ಕಲ್ಲುಗಳ ಪಾಚಿಗಟ್ಟಿದ ಮೈ ಹೊರಗೇ ಇರುವಂತೆ ನೋಡಿಕೊಂಡ. ಕಿತ್ತ ಹುಲ್ಲನ್ನು ಬೇರುಸಹಿತ ಮತ್ತೆ ಕೂರಿಸಿದ. ಮರುದಿನ ನೋಡಿದರೆ ಗುಡ್ಡ ಮೊದಲಿದ್ದಂತೆಯೇ ಇರುತ್ತಿತ್ತು.

ಅವನ ಒಬ್ಬಳೇ ಮಗಳು, ಏಳೆಂಟು ವರ್ಷದ ಕೆಂಚಿಯೂ ಆ ಬೇನೆಗೆ ಹೋದಳು. ಹೆಂಡತಿ ಸಂಕವ್ವ ತಾನೂ ಅದೇ ಬೇನೆಯಲ್ಲಿ ಮೇಲೇಳಲಾರದೆ ಮಲಗಿದ್ದಳು. ಮಗಳಿಗೆ ಒಂದು ಹಿಡಿ ಮಣ್ಣು ಹಾಕುವುದೂ ಆಗಲಿಲ್ಲ. ಗಂಡ ಗುಡ್ಡದಿಂದ ಮರಳಿದಾಗ, “ಯಾವ ಬಂಡೆ ಬುಡಕ ಇಟ್ರಿ ಹೇಳ್ರಿ. ಉಳಿಯಿಂದ ಒಂದು ಗೀರಾದರೂ ಎಳದು ಬರ್ರಿ,” ಎಂದು ಅಂಗಲಾಚಿದಳು.

“ನಿನಗ ಕಾಣೋ ಗೀರು ಅವರಿಗೂ ಕಾಣತೈತಿ,” ಎಂದ ಬಮ್ಮೋಜ. “ಗೊತ್ತಿದ್ದರ ಹೊಡದು ಬಾಯಿ ಬಿಡಸ್ತಾರ. ದಂಡು ಹೋಗಲಿ, ನಾನ ಕೈ ಹಿಡದು ಕರಕೊಂಡು ಹೋಗ್ತೀನಿ.”

ದಂಡು ಬಂತು. ಗುಡ್ಡವನ್ನು ಅಲ್ಲಲ್ಲಿ ಕೆದಕಿತು. ಒಂದು ಹೆಣವೂ ಸಿಗಲಿಲ್ಲ. ಬಮ್ಮೋಜನನ್ನು ಊರಬಾಗಿಲಿಗೆ ಕಟ್ಟಿ ಕೇಳಿದರು. ಅವನು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಬೇನೆಯಿಂದ ಎದ್ದಿದ್ದ ಸಂಕವ್ವನ ಕಣ್ಣೆದುರಿಗೇ ಅವನ ತಲೆ ಹೊಡೆದರು.

ಊರವರು ಅವನಿಗೊಂದು ವೀರಗಲ್ಲು ನಿಲ್ಲಿಸಹೊರಟರು. “ಕೆಂಚಿಗಿಲ್ಲದ ಕಲ್ಲು ಅವರಿಗ್ಯಾಕ?” ಎಂದವಳೇ ಸಂಕವ್ವ ಅವನನ್ನೂ ಗುಡ್ಡದೊಳಗೆ ಗುರುತಿಲ್ಲದೆ ಸೇರಿಸಿದಳು. ಆಮೇಲೆ, ಮೈಯಲ್ಲಿ ಕಸುವಿರುವ ತನಕ, ಬೆಳಗಾದರೆ ಅಲ್ಲಿಗೆ ಹೋಗಿ ಒಂದೊಂದು ಬಂಡೆಯ ಬಳಿಯೂ ನಿಂತು, ಇದೇ ಇರಬಹುದೇ ಎಂದು ಅಂಗೈಯಿಂದ ಸವರುತ್ತಿದ್ದಳು. ಯಾವ ಬಂಡೆಯೂ ಹೂಂಗುಡಲಿಲ್ಲ. ಅವಳ ಬಳಿಕ, ಮಕ್ಕಳನ್ನು ಮಣ್ಣಿಗಿಟ್ಟ ತಾಯಂದಿರೆಲ್ಲ ಹಾಗೆಯೇ ಸವರುತ್ತ ಬಂದರು ಎನ್ನುತ್ತಾರೆ.

ಇಂದಿಗೂ ಹೋದವರು ನೋಡಬಹುದು. ಅಲ್ಲಿನ ಬಂಡೆಗಳೆಲ್ಲ ಮೇಲೆ ಒರಟು, ಕೆಳಗೆ ಒರಟು; ಏಳೆಂಟು ವರ್ಷದ ಮಗುವಿನ ತಲೆಯ ಎತ್ತರದಲ್ಲಿ ಮಾತ್ರ ಅಂಗೈಯಗಲ ನುಣುಪು.