ಸರಸ್ವತಿಯ ಮುಖ

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮಾದಯ್ಯನೆಂಬ ಗುರು ಹಳೆಯ ಪುಸ್ತಕಗಳನ್ನು ಹರಿದು, ನೆನೆಸಿ, ಒರಳಲ್ಲಿ ಕುಟ್ಟಿ, ಹುಣಸೆ ಬೀಜದ ಅಂಟು ಕಲಸಿ ಮೂರ್ತಿ ಮಾಡುತ್ತಿದ್ದ. ಹುಳು ತಿಂದದ್ದು, ರಟ್ಟು ಕಿತ್ತದ್ದು, ಯಾರಿಗೂ ಬೇಡವಾದದ್ದು ಎಲ್ಲ ಅಲ್ಲಿಗೆ ಬರುತ್ತಿತ್ತು.

ಅಲ್ಲಿದ್ದ ಕಟ್ಟಳೆ ಒಂದೇ. ಹರಿಯುವ ಮುಂಚೆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ಸಾಯುವವನ ಕೊನೆ ಮಾತು ಕೇಳಿಸಿಕೊಳ್ಳುವ ಹಾಗೆ. ಸುತ್ತಿನ ಹಳ್ಳಿಗಳಿಗೆಲ್ಲ ಇದು ಗೊತ್ತಿತ್ತು. ಕೆಲವರು ನಗುತ್ತಿದ್ದರು.

ಶಿಷ್ಯ ಕರಿಸಿದ್ಧ ಅಲ್ಲಿ ಹನ್ನೊಂದು ವರ್ಷ ಓದಿದ್ದ, ಹನ್ನೊಂದು ವರ್ಷ ಕುಟ್ಟಿದ್ದ.

ಆ ವರ್ಷ ಕಲ್ಲುಕ್ವಾರಿಯ ಧಣಿ ಒಂದು ಶಾಲೆ ಕಟ್ಟಿಸಿದ. ಅವನ ಕ್ವಾರಿಯ ಗೋಡೆ ಕುಸಿದು ಆಗ ಮೂರು ತಿಂಗಳು. ಧಣಿಗಳಿಗೆ ಧರ್ಮ ನೆನಪಾಗುವುದು ಇಂಥ ಹೊತ್ತಿನಲ್ಲೇ.

ಶಾಲೆಯ ಬಾಗಿಲಿಗೆ ಸರಸ್ವತಿ ಬೇಕೆಂದು ಮನೆಯ, ಕಚೇರಿಯ ಹಳೆ ಪುಸ್ತಕಗಳನ್ನು ನಾಲ್ಕು ಮೂಟೆ ಕಟ್ಟಿ ಕಳಿಸಿದ. ಗುರು ಅದನ್ನು ಕರಿಸಿದ್ಧನಿಗೆ ಒಪ್ಪಿಸಿದ. ಅವನೊಬ್ಬನೇ ಮಾಡುವ ಮೊದಲ ಮೂರ್ತಿ ಅದು.

ಮುಖ ಬಹಳ ಚೆನ್ನಾಗಿ ಬಂತು. ಕರಿಸಿದ್ಧ ದಿನಕ್ಕೆ ಹತ್ತು ಸಲ ಎದುರು ನಿಂತು ನೋಡುತ್ತಿದ್ದ.

ನಾಳೆ ಶಾಲೆಯ ಪ್ರಾರಂಭ, ಮೂರ್ತಿ ಒಯ್ಯಲು ಜೀಪು ಬರುತ್ತದೆ ಎನ್ನುವಾಗ ಒಬ್ಬ ಹೆಂಗಸು ಬಂದಳು. ಹೆಸರು ಚಿಕ್ಕತಾಯಿ. ಕ್ವಾರಿಯಲ್ಲಿ ಜಲ್ಲಿ ಒಡೆಯುವವಳು.

"ಬುದ್ಧಿ, ಕೆಂಪು ರಟ್ಟಿನ ಹಾಜರಿ ಪುಸ್ತಕ ಒಂದು ಬಂದದಾ?"

"ಯಾತಕ್ಕವ್ವ?" ಅಂದ ಗುರು.

"ಗ್ವಾಡೆ ಬಿದ್ದು ಒಂಬತ್ತು ಜನ ಹೋದ್ರಲ್ಲ, ಅದ್ರಲ್ಲಿ ನನ್ ಗಂಡನೂ ಒಬ್ಬ. ಧಣಿ ಹೆಣನೂ ತೆಗೆಸ್ನಿಲ್ಲ, ಮೇಲೆ ಮಣ್ಣು ಸುರಿಸ್ದ. ಈಗ ಆ ಒಂಬತ್ತು ಜನ ನನ್ ಕ್ವಾರಿಗೆ ಬಂದೇ ಇಲ್ಲ, ಎಲ್ಲೋ ಓಡೋಗವ್ರೆ ಅಂತಾನೆ. ಬಂದಿದ್ರು ಅನ್ನಕೆ ಆ ಪುಸ್ತಕ ಒಂದೇ ಸಾಕ್ಷಿ. ದಿನಾ ಹೆಬ್ಬೆಟ್ಟೊತ್ತವ್ರೆ ಅದ್ರಲ್ಲಿ. ಸುಟ್ಟಾಕು ಅಂದ್ನಂತೆ ಗುಮಾಸ್ತ್ರಿಗೆ. ಅವ್ರು ಸುಡದೆ ನಿಮ್ ಮೂಟೆಗೆ ತುಂಬವ್ರೆ."

"ನಿನ್ನ ಕೈಗೇ ಕೊಡಬಹುದಿತ್ತಲ್ಲ?" ಎಂದು ಕರಿಸಿದ್ಧ ನಡುವೆ ಬಾಯಿ ಹಾಕಿದ. ದನಿ ಒರಟಾಗಿತ್ತು.

"ಧಣಿ ಆಳ್ಗಳು ನನ್ ಗುಡ್ಲ ಮೂರು ಸಲ ಜಾಲಾಡವ್ರೆ ಕಣಪ್ಪ. ಹೊಳೆ ದಂಡೇಲಿ ಓದ್ದೆ ಒಂದು ಹಾಳೆನೂ ಹರಿಯಕ್ಕಿಲ್ಲ, ಓದಿದ್ ಮೇಲೆ ಅಲ್ಲಿನವ್ರು ಸುಮ್ನಿರಕ್ಕಿಲ್ಲ ಅಂದ್ರು ಗುಮಾಸ್ತ್ರು. ಹಂಗಂದವ್ರೇ ಊರು ಬಿಟ್ರು."



"ಓದಿದೆಯಾ?" ಗುರು ಅವನತ್ತ ತಿರುಗಿದ.

"ಇಲ್ಲ ಬುದ್ಧಿ."

"ಯಾಕೆ?"

"ಅದು ಪುಸ್ತಕ ಅಂತಲೇ ಅನ್ನಿಸಲಿಲ್ಲ. ಬರೀ ಹೆಸರು. ಒಂದೊಂದು ಹೆಸರಿನ ಪಕ್ಕ ಹೆಬ್ಬೆಟ್ಟು. ದಿನ ಬೇರೆ ಕಡಿಮೆ ಇತ್ತು."

"ಅದೇ ಮೂಟೆಯಲ್ಲಿ ಒಂದು ಪುರಾಣ ಇತ್ತಲ್ಲ, ರಾಜರ ವಂಶಾವಳಿ. ಅದನ್ನೂ ಬಿಟ್ಟೆಯಾ?"

"ಇಲ್ಲ. ಅರವತ್ತು ತಲೆಮಾರೂ ಓದಿದೆ."

"ಏನಿತ್ತು ಅದರಲ್ಲಿ?"

ಕರಿಸಿದ್ಧ ತಲೆ ತಗ್ಗಿಸಿದ. "ಹೆಸರು, ಬುದ್ಧಿ."

ಗುರು ಒರಳಿನ ಹತ್ತಿರ ಹೋದ. ತಳದಲ್ಲಿ ಉಳಿದಿದ್ದ ಹಸಿ ಮುದ್ದೆಯನ್ನು ಬಾಚಿ ತಂದು ಶಿಷ್ಯನ ಅಂಗೈಗೆ ಹಾಕಿದ.

"ಓದು."

ಕರಿಸಿದ್ಧ ಮುದ್ದೆಯನ್ನು ಬೆರಳಿಂದ ಬಿಡಿಸಿ ನೋಡಿದ. ಒಂದು ಅಕ್ಷರವೂ ಇರಲಿಲ್ಲ.

"ಈಕೆ ಅಷ್ಟು ದೂರದಿಂದ ನಡೆದು ಬಂದಿದ್ದಾಳೆ. ಓದು."

ಚಿಕ್ಕತಾಯಿಗೆ ಆಗ ತಿಳಿಯಿತು. ಅವಳು ಅಳಲಿಲ್ಲ. ಮೂರ್ತಿಯ ಮುಂದೆ ಹೋಗಿ ನಿಂತಳು.

"ಇದ್ರಲ್ಲಿ ನನ್ ಗಂಡ ಎಲ್ಲವ್ನೆ?"

"ಮುಖದಲ್ಲಿ," ಅಂದ ಕರಿಸಿದ್ಧ. "ಆ ಕಾಗದ ನುಣ್ಣಗಿತ್ತು."

"ನುಣ್ಣಗೇ ಬಂದದೆ. ಅವ್ನ ಕಲ್ಲು ಒಂದು ಸಲ ಅರದಾಕ್ತು. ಇನ್ನೊಂದು ಸಲ ನೀನು ಅರ್ದೆ."

ಕರಿಸಿದ್ಧ ಇನ್ನೊಂದು ಕೈಯಲ್ಲಿ ಒನಕೆ ಎತ್ತಿಕೊಂಡು ಮೂರ್ತಿಯ ಮೇಲೆ ನುಗ್ಗಿದ. ಗುರು ಒನಕೆ ಹಿಡಿದುಕೊಂಡ.

"ಬಿಡಿ ಬುದ್ಧಿ. ನನ್ನ ಪಾಪ ಹೋಗಲಿ."

"ನಿನ್ನ ಪಾಪ ಕಟ್ಟಿಕೊಂಡು ಇವಳಿಗೇನು?"

ಕರಿಸಿದ್ಧ ಒನಕೆ ಬಿಟ್ಟ. ಹೆಂಗಸಿನ ಕಡೆ ತಿರುಗಿದ. "ಅವ್ವಾ, ನಿನ್ನ ಗಂಡನ ಹೆಸರೇನು?"

"ಜಡೆಮಾದ."

"ನೋಡಿದ್ದೆ. ಆ ಹೆಸರು ಅದರಲ್ಲಿ ನೋಡಿದ್ದೆ ಅಂತ ಎಲ್ಲಿ ಬೇಕಾದರೂ ಹೇಳ್ತೀನಿ."

"ನೋಡಿದ್ದೆಯಾ?" ಗುರು ಕೇಳಿದ.

ಕರಿಸಿದ್ಧ ಮೂರ್ತಿಯ ಮುಖ ನೋಡಿದ.

"ಇಲ್ಲ."

"ಸುಳ್ಳು ಹೇಳೋಕೆ ಧಣಿ ಇದ್ದಾನೆ. ನೀನು ಕಂಡದ್ದು ಹೇಳು."

"ಧಣಿಯ ಮೂಟೆಯಲ್ಲಿ ಹಾಜರಿ ಪುಸ್ತಕ ಇತ್ತು. ಅದರ ತುಂಬ ಹೆಸರು, ಹೆಬ್ಬೆಟ್ಟು. ಓದದೆ ಕುಟ್ಟಿದವನು ನಾನು."

"ಅಷ್ಟೇ ಹೇಳು. ನಾಳೆ ಶಾಲೆ ಬಾಗಿಲಲ್ಲಿ, ಊರೆಲ್ಲ ಸೇರಿದಾಗ."

"ಅಷ್ಟು ಹೇಳ್ಬುಟ್ರೆ ನನ್ ಗಂಡ ಕ್ವಾರಿಗೆ ಹೋಗಿದ್ದ ಅಂತ ಒಪ್ಕತಾರಾ ಬುದ್ಧಿ?" ಚಿಕ್ಕತಾಯಿ ಕೇಳಿದಳು.

"ಒಪ್ಪಲ್ಲ ಕಣವ್ವ," ಅಂದ ಗುರು. "ಆದರೆ ಹಾಜರಿ ಪುಸ್ತಕವೇ ಇರಲಿಲ್ಲ ಅನ್ನೋಕೆ ಧಣಿಗೆ ಆಗಲ್ಲ."

ಕರಿಸಿದ್ಧ ಮುಷ್ಟಿ ಬಿಗಿದ. ಬೆರಳ ಸಂದಿಯಿಂದ ಮುದ್ದೆಯ ನೀರು ತೊಟ್ಟಿಕ್ಕುತ್ತಿತ್ತು.

"ಬುದ್ಧಿ, ಅಲ್ಲಿ ಧಣಿಯ ಆಳುಗಳಿರ್ತಾರೆ. ಹೊಡೀತಾರೆ."

"ಹೊಡೀಲಿ," ಅಂದ ಗುರು. "ಆ ಒಂಬತ್ತು ಜನಕ್ಕೆ ಏಟು ತಿನ್ನೋಕೂ ಮೈ ಇಲ್ಲ."