ಸುತ್ತೋಲೆಗೆ ಸಾಹೇಬರ ಸಹಿ

ಊರಿನ ಎಲ್ಲ ಸರ್ಕಲ್‌ಗಳಲ್ಲೂ ಕ್ಯಾಮೆರಾ ಹಾಕಿದ ಮೇಲೆ ಜನ ಹೆದರಿ ನೆಟ್ಟಗೆ ಗಾಡಿ ಓಡಿಸತೊಡಗಿದರು. ದಂಡದ ವಸೂಲಿ ಅರ್ಧಕ್ಕಿಳಿಯಿತು. ಸಂಚಾರ ಕಚೇರಿಯ ದೊರೆಸ್ವಾಮಿ ಸಾಹೇಬರು ಗುಮಾಸ್ತೆ ಪಂಕಜಾಕ್ಷಿಯನ್ನು ಕರೆಸಿದರು.

"ವಸೂಲಿ ಎರಡು ಪಟ್ಟಾಗಬೇಕು. ಸೋಮವಾರದೊಳಗೆ ದಾರಿ ಹುಡುಕಿ. ಇಲ್ಲದಿದ್ದರೆ ನಿಮಗೆ ಬೀದರಿಗೆ ವರ್ಗ."

ಪಂಕಜಾಕ್ಷಿ ಚಿಂತೆಗೆ ಬಿದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅಷ್ಟು ದೂರ ಹೋಗುವುದು ಹೇಗೆ? ಎರಡು ದಿನ ಕೂತು ಬರೆದಳು.

ಸೋಮವಾರ ಒಂದು ಸುತ್ತೋಲೆಯ ಕರಡನ್ನು ಸಾಹೇಬರ ಮುಂದಿಟ್ಟಳು. ಅವರು ಗಟ್ಟಿಯಾಗಿ ಓದತೊಡಗಿದರು.

"ಸಾರ್ವಜನಿಕರು ವಾರಕ್ಕೊಮ್ಮೆಯಾದರೂ ಹೆಲ್ಮೆಟ್ ಮನೆಯಲ್ಲಿ ಬಿಟ್ಟು, ಕೆಂಪು ದೀಪ ದಾಟಿ, ಇಲಾಖೆಯೊಂದಿಗೆ ಸಹಕರಿಸಬೇಕಾಗಿ ಕೋರಿದೆ..."

ಓದುತ್ತ ಓದುತ್ತ ದನಿ ಇಳಿಯಿತು. "ಏನಮ್ಮ ಇದು?"

"ತಪ್ಪು ಮಾಡುವವರಿಲ್ಲದೆ ದಂಡ ಎಲ್ಲಿಂದ ಬರುತ್ತೆ ಸರ್? ನಾನು ಹೇಳಿದರೆ ಜನ ಕೇಳಲ್ಲ. ನಿಮ್ಮ ಸಹಿ ಇದ್ದರೆ ಕೇಳ್ತಾರೆ. ಇಲ್ಲಿ ಹಾಕಿ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಹಣೆ ಒರೆಸಿಕೊಂಡರು.

"ಇದು ಮೇಲಿನವರ ಕೈಗೆ ಸಿಕ್ಕರೆ ನನ್ನ ಕೆಲಸವೇ ಹೋಗುತ್ತೆ," ಎಂದು ಕರಡನ್ನು ಹರಿದರು. "ಬೇರೆ ಬರೀರಿ. ನನ್ನ ಕಟ್ಟುನಿಟ್ಟಿನಿಂದ ಊರಲ್ಲಿ ಅಪಘಾತ ಕಡಿಮೆಯಾಗಿದೆ ಅಂತ."

ಅವಳು ಅದನ್ನೂ ಬರೆದುಕೊಟ್ಟಳು. ಸಾಹೇಬರು ಬೀದರಿನ ಮಾತೆತ್ತದೆ ಸಹಿ ಹಾಕಿದರು.