ಬಾಗಿಲಿಗೆ ತಿಳಿಯುವ ಮಾತು

“ಗುರುಗಳೇ, ಎಲ್ಲಿಂದ ಶುರು ಮಾಡಲಿ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಮಾತು ಕೇಳಿ ದೀಪ ಹಚ್ಚುವ, ಫ್ಯಾನು ತಿರುಗಿಸುವ, ಬಾಗಿಲು ತೆರೆಯುವ ಯಂತ್ರವನ್ನು ಭಕ್ತರೊಬ್ಬರು ಮಠಕ್ಕೆ ಕೊಡುವವರಿದ್ದರು. ಪೇಟೆಗೆ ಹೋಗಿ ತರುವ ಹೊಣೆ ಮರುಳಯ್ಯನದು. ಮಠದ ದೀಪ ನೋಡಿಕೊಳ್ಳುವ ಮುದುಕಿ ನಂಬೆವ್ವನಿಗೆ ಅವನು ಬೆಳಗಿನಿಂದಲೇ ಪಾಠ ಶುರು ಮಾಡಿದ್ದ. “ದೀಪ ದೊಡ್ಡದು ಮಾಡು ಅನ್ನಬೇಡಿ ನಂಬೆವ್ವ, ಆರಿಸು ಅನ್ನಿ. ಇಲ್ಲದಿದ್ದರೆ ಅದಕ್ಕೆ ತಿಳಿಯುವುದಿಲ್ಲ.” ದೀಪಕ್ಕೆ ಆರಿಸು ಎನ್ನುವುದು ಅಶುಭ ಎಂದೇ ಬೆಳೆದವಳು, ಆ ಮಾತು ಅವಳ ನಾಲಿಗೆಗೆ ಹತ್ತಲೇ ಇಲ್ಲ.

“ಮೊದಲು ಜನಕ್ಕೆ ಮಾತು ಕಲಿಸಬೇಕೇನೋ,” ಎಂದ ಮರುಳಯ್ಯ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಹೊಸದು ಏನೇ ಬರಲಿ, ಊರಿಗೆ ಮೊದಲು ತಾನೇ ತರಬೇಕೆಂಬ ಚಪಲ ಅವನಿಗೆ. ಈ ಯಂತ್ರವನ್ನೂ ತಂದ. ಬುದ್ಧಿ ಇದ್ದವರು ಒಂದು ದೀಪದಿಂದ ಶುರು ಮಾಡುತ್ತಾರೆ, ಮನೆಗೆ ಹೊಂದಿತೇ ಎಂದು ನೋಡಿ ಮುಂದಿನದಕ್ಕೆ ಕೈ ಹಾಕುತ್ತಾರೆ. ಈ ಮಹಾನುಭಾವ ಹಿತ್ತಿಲ ಪಂಪಿನಿಂದ ತಲೆಬಾಗಿಲವರೆಗೆ ಎಲ್ಲಕ್ಕೂ ಒಂದೇ ದಿನದಲ್ಲಿ ಕಿವಿ ಹಚ್ಚಿಸಿದ. ಬಾ ಎಂದರೆ ಬಾಗಿಲು ತೆರೆಯಬೇಕು, ಹೋಗು ಎಂದರೆ ಮುಚ್ಚಿ ಚಿಲಕ ಹಾಕಿಕೊಳ್ಳಬೇಕು. ಅದನ್ನು ಕಲಿಸಿದವನೂ ಅವನೇ.

ಮನೆಯಲ್ಲಿ ತಾಯಿ ಇದ್ದಳು. ಬೆಳಕು ಹರಿದ ಮೇಲೆ “ದೀಪ ದೊಡ್ಡದು ಮಾಡು” ಎಂದಳು. ದೀಪ ಇನ್ನಷ್ಟು ಉರಿಯಿತು. ಮಗ ಅಂಗಡಿಗೆ ಹೊರಟಾಗ “ಹೋಗಿ ಬಾ ಮಗನೇ” ಎಂದಳು. ಮುಚ್ಚಿದ್ದ ಬಾಗಿಲು ಹಾರು ಹೊಡೆಯಿತು. ಹೀಗೆ ತೆರೆದ ಬಾಗಿಲಲ್ಲಿ ಒಂದು ದಿನ ಬೀದಿಯ ದನ ನುಗ್ಗಿ ನಾಲ್ಕು ಅಚ್ಚು ಬೆಲ್ಲ ಮೆದ್ದು ಹೋಯಿತು.

“ಅಮ್ಮಾ, ಬಾಗಿಲಿಗೆ ತಿಳಿಯುವ ಹಾಗೆ ಮಾತಾಡು,” ಎಂದು ಮಗ ಗದರಿದ.

ಪಾಪ, ಮುದುಕಿ ಕಲಿತಳು. ಒಂದು ತಿಂಗಳು ಹಿಡಿಯಿತು. ಹಾಕು, ಆರಿಸು, ಬಾ, ಹೋಗು. ಮಗನ ಜೊತೆಗಿನ ಮಾತೂ ಅಷ್ಟಕ್ಕೇ ಬಂದು ನಿಂತಿತು: ಏಳು, ಉಣ್ಣು. ಅವನು ಹೊರಡುವಾಗ ಎಲ್ಲಿ ತಪ್ಪಿಬಿಡುತ್ತೇನೋ ಎಂದು ಬರೀ ತಲೆಯಾಡಿಸುತ್ತಿದ್ದಳು. ಮನೆ ಸರಿಹೋಯಿತು ಎಂದುಕೊಂಡ ವ್ಯಾಪಾರಿ.

ಅಷ್ಟರಲ್ಲಿ ಅವನಿಗೆ ಎದೆನೋವು ಕಾಣಿಸಿತು. ಎದೆ ಕೊಯ್ದೇ ಸರಿಮಾಡಬೇಕು ಎಂದರು ವೈದ್ಯರು. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅವನು ತಾಯಿಯ ಕಾಲಿಗೆ ಬಿದ್ದು ಹೊಸಿಲು ದಾಟಿದ. ಇಂಥ ದಿನ ಬಾಯಿ ಕಟ್ಟಿಕೊಂಡು ಕಳಿಸುವುದು ಹೇಗೆ? ಮುದುಕಿ ಕಲಿತದ್ದನ್ನು ನೆನೆದು, ತಪ್ಪಬಾರದೆಂದು ಎಚ್ಚರದಿಂದ ಹೇಳಿದಳು:

“ಹೋಗು.”

ಬಾಗಿಲು ಮುಚ್ಚಿ ಚಿಲಕ ಬಿತ್ತು.

ವ್ಯಾಪಾರಿ ಹಿಂತಿರುಗಿ ನೋಡಿದ. ಸಂತೆಗೆ ಹೊರಟವನಿಗೂ ಯಾರೂ ಬರೀ ಹೋಗು ಅನ್ನುವುದಿಲ್ಲ. ಮರಳಿ ಬಾರದವರಿಗಷ್ಟೇ ಆ ಮಾತು. ಕಾರು ಕಾಯುತ್ತಿತ್ತು, ಅವನಿಗೆ ಕಾಲು ಕಿತ್ತಿಡಲಾಗಲಿಲ್ಲ. ಮನೆಯ ಕಿಟಕಿಯ ಬಳಿ ಬಂದು, “ಏನಮ್ಮಾ, ಹೀಗಂದುಬಿಟ್ಟೆ?” ಎಂದ.

“ಆ ಇನ್ನೊಂದು ಮಾತು ಅಂದರೆ ಬಾಗಿಲು ತೆರೆದುಬಿಡುತ್ತದಲ್ಲಪ್ಪಾ. ನೀನೇ ಬೈದಿದ್ದೆ.”

“ತೆರೆದರೆ ತೆರೆಯಲಿ. ಅನ್ನಮ್ಮಾ.” ಅವನಿಗೆ ಅಳು ಬಂದಿತ್ತು.

“ಹೋಗಿ ಬಾ ಮಗನೇ,” ಎಂದಳು ತಾಯಿ. ಬಾಗಿಲು ಹಾರು ಹೊಡೆಯಿತು. ವ್ಯಾಪಾರಿ ಅದನ್ನು ಹಾಗೇ ಬಿಟ್ಟು ಕಾರು ಹತ್ತಿದ.

ಗುರುಗಳು ಕತೆ ನಿಲ್ಲಿಸಿದರು.

“ಆ ಮುದುಕಿಗೆ ಇನ್ನೂ ಚೆನ್ನಾಗಿ ಕಲಿಸಬೇಕಿತ್ತು. ನಂಬೆವ್ವನಿಗೆ ನಾನೇ ಕೂತು ಕಲಿಸುತ್ತೇನೆ,” ಎಂದು ಮರುಳಯ್ಯ ಎದ್ದ. ಪಾದ ಮುಟ್ಟಿ ನಮಸ್ಕರಿಸಿದ. “ಪೇಟೆಗೆ ಹೋಗಿ ಬರುತ್ತೇನೆ ಗುರುಗಳೇ.”

ಹನ್ನೆರಡು ವರ್ಷಗಳಿಂದ ಗುರುಗಳು ಹೋಗಿ ಬಾ ಎನ್ನದೆ ಅವನನ್ನು ಎಲ್ಲಿಗೂ ಕಳಿಸಿದವರಲ್ಲ. ಅಂದೂ ಅವನು ಹೊಸಿಲ ಬಳಿ ಆ ಮಾತಿಗಾಗಿ ನಿಂತ.

“ಹೋಗು,” ಎಂದರು ಗುರುಗಳು.

ಮರುಳಯ್ಯ ಹೊಸಿಲು ದಾಟದೆ ಗುರುಗಳ ಕಡೆ ತಿರುಗಿದ.